ಯಾವ ಡಿಪಾರ್ಟ್‌ಮೆಂಟಿನ ಟೀಮು?

ನನ್ನ ಅಬ್ಬಾ ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ಗೆ ಬಂದು ಇನ್ನೂ ಸರಿಯಾಗಿ ಚಳಿಗೆ ಒಗ್ಗಿಕೊಂಡಿರಲಿಲ್ಲ, ಆಗಲೇ ಹುಬ್ಬಳ್ಳಿಗೆ ವಾಪಸ್ ಹೋಗುವ ಮಾತು ತೆಗೆದರು. ನನಗೆ ಏಳು ತಿಂಗಳು. ಅಮ್ಮಿ ತೀರಿಹೋಗಿದ್ದರು, ಹೆರಿಗೆಗೆ ತವರಿನ ಕಡೆಯಿಂದ ಅಂತ ಬರಲು ಇದ್ದವರು ಇವರೊಬ್ಬರೇ. ನಾನೂ ನನ್ನ ಗಂಡನೂ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರುಗಳು. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಅಲ್ಲಿಯವರೆಗೆ ಅಬ್ಬಾ ಕಿಟಕಿ ಪಕ್ಕ ಕೂತು ಹಿಮ ನೋಡುತ್ತಿದ್ದರು.

"ಟಿಕೆಟ್ ಬದಲಿ ಮಾಡಿಸ್ ಬೇಟಿ, ನಾ ಹೊಕ್ಕೀನಿ" ಎಂದಾಗಲೆಲ್ಲ ಏನಾದರೊಂದು ನೆಪ ಹೇಳಿ ದಿನ ದೂಡುತ್ತಿದ್ದೆ. ಅವರು ಹೋಗಿಬಿಟ್ಟರೆ ಎಂಬ ಹೆದರಿಕೆ ನನಗೆ ಹೆರಿಗೆ ನೋವಿನ ಹೆದರಿಕೆಗಿಂತ ಹೆಚ್ಚಾಗಿತ್ತು.

ಒಂದು ಭಾನುವಾರ, ಮನಸ್ಸು ಹಗುರಾಗಲಿ ಎಂದು ಅವರನ್ನು ಬ್ಯಾಂಡಿ ಪಂದ್ಯಕ್ಕೆ ಕರೆದೊಯ್ದೆವು. ಈ ಊರಿನಲ್ಲಿ ಚಳಿಗಾಲವೆಂದರೆ ಬ್ಯಾಂಡಿಯೇ. ಫುಟ್‌ಬಾಲ್ ಮೈದಾನದಷ್ಟು ಮಂಜುಗಡ್ಡೆ, ಒಂದೊಂದು ಕಡೆ ಹನ್ನೊಂದು ಜನ, ಬಾಗಿದ ಕೋಲು, ಒಂದು ಚೆಂಡು. ಅಬ್ಬಾ ಎದ್ದು ನಿಂತುಬಿಟ್ಟರು. "ಏ, ಇದು ನಮ್ಮ ಹಾಕಿನs ಐತಲ್ಲ!"

ಅಬ್ಬಾ ಒಂದು ಕಾಲಕ್ಕೆ ರೈಲ್ವೆ ಹಾಕಿ ತಂಡದ ಲೆಫ್ಟ್ ಹಾಫ್. ಸ್ಪೋರ್ಟ್ಸ್ ಕೋಟಾದಲ್ಲಿ ಟಿಕೆಟ್ ಕಲೆಕ್ಟರ್ ಕೆಲಸ ಸಿಕ್ಕಿತ್ತು. ಅವರ ಪ್ರಕಾರ ಜಗತ್ತಿನ ಪ್ರತಿ ತಂಡಕ್ಕೂ ಒಂದು ಇಲಾಖೆ ಇರಲೇಬೇಕು: ಪೊಲೀಸು, ಪೋಸ್ಟಲ್, ಯಾವುದಾದರೂ ಸರಕಾರಿ ಕಾರ್ಖಾನೆ. ಹಾಗಾಗಿ ಪಕ್ಕದಲ್ಲಿದ್ದ ಸ್ವೀಡಿಷ್ ಮಹಾಶಯನನ್ನು ತಮ್ಮ ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದರು: "ವಿಚ್ ಡಿಪಾರ್ಟ್‌ಮೆಂಟ್?"

ಪಾಪ, ಆತ ಕಕ್ಕಾಬಿಕ್ಕಿ. ಡಿಪಾರ್ಟ್‌ಮೆಂಟು ಗಿಪಾರ್ಟ್‌ಮೆಂಟು ಇಲ್ಲ, ಇದು ಊರಿನ ಸದಸ್ಯರ ಸಂಘ ಎಂದು ವಿವರಿಸಿದ. ಅಬ್ಬಾಗೆ ನಂಬಿಕೆ ಬರಲಿಲ್ಲ. "ಡಿಪಾರ್ಟ್‌ಮೆಂಟ್ ಇಲ್ದ ಇವರಿಗೆ ನೌಕರಿ ಯಾರ್ ಕೊಡ್ತಾರ?"

ಹಿಂದಿನ ಸಾಲಿನಲ್ಲಿ ಯಾರೋ ಜೋರಾಗಿ ನಕ್ಕರು. ತಿರುಗಿದರೆ, ನಮ್ಮ ಕೆಳಗಿನ ಮನೆಯ ರಷ್ಯನ್ ಅಜ್ಜ. ನಮ್ಮ ಕನ್ನಡ ಅವರಿಗೆ ತಿಳಿದಿರಲಿಲ್ಲ. ಅಬ್ಬಾ ಕೇಳಿದ ಪ್ರಶ್ನೆ ಮಾತ್ರ ಕಿವಿಗೆ ಬಿದ್ದಿತ್ತು. "ಎಷ್ಟು ವರ್ಷವಾಯಿತು ಈ ಪ್ರಶ್ನೆ ಕೇಳಿ!" ಎಂದು ಸ್ವೀಡಿಷ್‌ನಲ್ಲಿ ಹೇಳಿ, ಫ್ಲಾಸ್ಕಿನ ಕಾಫಿ ಬಗ್ಗಿಸಿ ಅಬ್ಬಾ ಕೈಗಿತ್ತರು. ನಾನು ದುಭಾಷಿಯಾದೆ.

ಅವರ ದೇಶದಲ್ಲೂ ಮೊದಲು ಇದ್ದದ್ದು ಇದೇ ಚೆಂಡಿನಾಟವಂತೆ. ಹೆಸರೇ ರಷ್ಯನ್ ಹಾಕಿ. ಚಪ್ಪಟೆ ರಬ್ಬರ್ ಬಿಲ್ಲೆಯ ಐಸ್ ಹಾಕಿಗೆ ಕೆನಡಾ ಹಾಕಿ ಅನ್ನುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಐಸ್ ಹಾಕಿಯ ಲೀಗ್ ಹುಟ್ಟಿದಾಗ ಚೆಂಡಿನವರನ್ನೇ ಆ ಕಡೆ ತಿರುಗಿಸಿದರು. ಹಾಗಾಗಿ ಎದುರಾಳಿಗೆ ಡಿಕ್ಕಿ ಹೊಡೆಯುವುದಕ್ಕಿಂತ ಪಾಸ್ ಕೊಡುವುದೇ ಅವರಿಗೆ ಹೆಚ್ಚು ಗೊತ್ತಿತ್ತು.

"ಅದ್ ಇರ್ಲಿ, ಟೀಮು ಯಾರ್ಯಾರ್ದು?" ಅಂದರು ಅಬ್ಬಾ.

ಸೈನ್ಯದ್ದು, ಪೊಲೀಸರದ್ದು, ಕಾರ್ಮಿಕ ಸಂಘಗಳದ್ದು, ಟ್ರ್ಯಾಕ್ಟರ್ ಕಾರ್ಖಾನೆಯದ್ದು, ರೈಲ್ವೆಯದ್ದು. ರೈಲ್ವೆ ಎಂದದ್ದೇ ಅಬ್ಬಾ ಬೆನ್ನು ನೆಟ್ಟಗೆ ಮಾಡಿ ಕೂತರು. ಯಾವ ಊರಿನಲ್ಲಿ ಒಳ್ಳೆ ಆಟಗಾರ ತಲೆಯೆತ್ತಿದರೂ ಸೈನ್ಯದಿಂದ ಕರೆ ಬರುತ್ತಿತ್ತಂತೆ. ಕಡ್ಡಾಯ ಸೇವೆ, ಒಲ್ಲೆ ಅನ್ನುವ ಹಾಗಿಲ್ಲ. ಹೀಗಾಗಿ ಲೀಗ್ ಗೆಲ್ಲುವವರು ಯಾರು ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಜ್ಜ ಆಡಿದ್ದು ರಾಸಾಯನಿಕ ಕಾರ್ಖಾನೆಯ ಎರಡನೇ ದರ್ಜೆಯ ತಂಡಕ್ಕೆ, ಗೋಲ್‌ಕೀಪರ್ ಆಗಿ. ಕಾಗದದ ಮೇಲೆ ಲೇತ್ ಕೆಲಸಗಾರ. ಲೇತ್ ಯಾವ ಕೋಣೆಯಲ್ಲಿದೆ ಅಂತಲೂ ಗೊತ್ತಿರಲಿಲ್ಲವಂತೆ. ಅಬ್ಬಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೇಳ್ ಬೇಟಿ ಇವರನ್ನ, ರೈಲ್ವೆ ಜೋಡಿ ಆಡಿ ಒಮ್ಮೆರs ಗೆದ್ದಿದ್ರೇನು? ಫ್ಯಾಕ್ಟ್ರಿ ಟೀಮ್ ಎಲ್ಲಾ ಕಡೆ ಹಂಗs."

ಅಜ್ಜನ ದೇಶ ಒಡೆದ ಮೇಲೆ ಕಾರ್ಖಾನೆಗಳಿಗೆ ತಂಡ ಸಾಕುವ ತಾಕತ್ತು ಉಳಿಯಲಿಲ್ಲ. ಅಜ್ಜ ಮಕ್ಕಳಿಗೆ ಆಟ ಕಲಿಸುವ ಕೆಲಸ ಹಿಡಿದು ಇಲ್ಲಿಗೆ ಬಂದರು. ಅಬ್ಬಾ ಬಂದ ಚಳಿಗಾಲ ರಷ್ಯಾದಲ್ಲಿ ಐಸ್ ಹಾಕಿಯ ಹೊಸ ದೊಡ್ಡ ಲೀಗ್ ಶುರುವಾಗಿತ್ತು, ಅಜ್ಜನ ಮನೆಯ ಡಿಶ್‌ನಲ್ಲಿ ಬರುತ್ತಿತ್ತು. ಮಧ್ಯಾಹ್ನದ ಅಸರ್ ನಮಾಜು ಮುಗಿಸಿ ಅಬ್ಬಾ ಕೆಳಗಿಳಿದರೆ ರಾತ್ರಿ ಊಟಕ್ಕೆ ನಾನೇ ಕರೆಯಬೇಕು. ಅಬ್ಬಾ ರೈಲ್ವೆ ತಂಡದ ಪರ, ಅಜ್ಜ ಸೈನ್ಯದ ಎದುರು ಆಡುವವರು ಯಾರೇ ಇರಲಿ ಅವರ ಪರ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಜಗಳ ಮಾತ್ರ ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು.

ಟಿಕೆಟ್ಟಿನ ಮಾತು ನಿಂತಿತು. ನನಗೆ ತಡೆಯಲಾಗದೆ ಒಂದು ಸಂಜೆ ನಾನೇ ಕೇಳಿದೆ.

"ಈಗೆಲ್ಲಿ ಟಿಕೆಟ್ಟು? ರೈಲ್ವೆ ಇನ್ನೂ ಲೀಗ್‌ನ್ಯಾಗ ಐತಿ" ಅಂದರು, ಬಾಗಿಲ ಬಳಿ ಶೂ ಹುಡುಕುತ್ತ.

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾರ ಹೆರಿಗಿಗೆ ಅಲ್ಲ, ರೈಲ್ವೆಗಂತ ನಿಲ್ಲಾಕತ್ತೀರಿ?"

ಅಬ್ಬಾ ಶೂ ಕೆಳಗಿಟ್ಟರು. "ನಿನ್ನ ನೋಡ್ಕೊಳ್ಳಾಕ ಬಂದಾಂವ ನಾ. ನೀ ಹೊಟ್ಟಿ ಹೊತ್ಕೊಂಡು, ದಣದು ಮನಿಗೆ ಬಂದು, ಅಬ್ಬಾ ಬ್ಯಾಸರಾತೇನು, ಅಬ್ಬಾ ಚಾ ಬೇಕೇನು ಅಂತಿದ್ದಿ. ದಿನಾ ನಿನ್ನ ಮಾರಿ ನೋಡಿ ನಂಗs ನಾಚಿಕಿ ಆಗ್ತಿತ್ತು. ಅದಕ್ಕs ಹೊಕ್ಕೀನಿ ಅಂದೆ. ಈಗ ನನ್ನ ಚಿಂತಿ ನಿನಗಿಲ್ಲ. ಆರಾಮ ಕೂಡ್ತಿ. ಇನ್ ನಾ ಇರಬಹುದು."

ನನಗೆ ಅಳು ಉಕ್ಕಿ ಬಂತು. ಕೆಳಗಿನಿಂದ ಅಜ್ಜ ಮೆಟ್ಟಿಲ ಕಂಬಿ ಬಡಿಯುತ್ತಿದ್ದರು.

"ಹೋಗ್ರಿ ಅಬ್ಬಾ, ಆಟ ಶುರು ಆತು" ಅಂದೆ.