ಎಂಟು ದಿನದ ಕೆಂಪು

ಬಲ್ಬ್ ಕಾರ್ಖಾನೆಯ ಬಣ್ಣದಪ್ಪನ ಕೆಲಸ, ಎಲ್‌ಇಡಿಯ ನೀಲಿ ಬೆಳಕಿಗೆ ಸಾವಯವ ಬಣ್ಣದ ತೆಳು ಹಾಳೆ ಹೊದಿಸಿ ಅದನ್ನು ಬೆಳ್ಳಗೆ ಮಾಡುವುದು. ಯಾರ ಮನೆಗೆ ಹೋದರೂ ಕುಶಲ ಕೇಳುವ ಮೊದಲೇ ಕತ್ತೆತ್ತಿ, "ಈ ದೀಪಕ್ಕೆ ಕೆಂಪು ಸಾಲದು" ಎನ್ನುತ್ತಾನೆ. "ನನ್ನನ್ನು ಯಾವ ದೀಪದಲ್ಲಿ ನೋಡಿ ಒಪ್ಪಿದ್ರಿ?" ಎಂದು ಹೆಂಡತಿ ಕೆಣಕಿದರೆ, "ಬಿಸಿಲಲ್ಲಿ ಕಣೇ, ಅದಕ್ಕೇ ಮೋಸ ಹೋಗಲಿಲ್ಲ" ಎನ್ನುತ್ತಾನೆ. ಅವನು ಇನ್ನೂ ಪ್ರಯೋಗಿಸುತ್ತಿರುವ ಹಾಳೆಯ ಕೆಂಪಿಗೋ ಎಂಟೇ ದಿನ ಆಯುಸ್ಸು, ಆಮೇಲೆ ಮಾಸಿಹೋಗುತ್ತದೆ. "ಅದಕ್ಕಿಂತ ಹೂವೇ ವಾಸಿ" ಎಂದು ಜೊತೆಯವರು ನಗುತ್ತಾರೆ. ಆದರೂ ಪ್ರತಿ ಸೋಮವಾರ ಹೊಸ ಹಾಳೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗಿ, ಅಮ್ಮನ ಹಾಸಿಗೆಯ ಮೇಲಿನ ದೀಪಕ್ಕೆ ಅಂಟಿಸುತ್ತಾನೆ. ಅಮ್ಮ ಕನ್ನಡಿ ನೋಡಿಕೊಂಡು, "ಮುಖಕ್ಕೆ ರಕ್ತ ಬಂದಿದೆ ಕಣೋ, ಗುಣವಾಗ್ತಿದೀನಿ" ಎನ್ನುತ್ತಾಳೆ. ಊರಿನ ದೀಪದಲ್ಲೆಲ್ಲ ಕೊರತೆ ಹುಡುಕುವ ಬಣ್ಣದಪ್ಪ ಅಲ್ಲಿ ಮಾತ್ರ ಕತ್ತೆತ್ತದೆ, "ಹೂಂ ಕಣಮ್ಮ" ಎನ್ನುತ್ತಾನೆ.