ಹುಳಕ್ಕೆ ಕಾಯಿಲೆ, ನನಗೆ ಗಾಳಿ

ಸ್ನೇಹಿತರೇ, ಇವತ್ತಿನಿಂದ ಸಾದಲಿಯ ನಮ್ಮ ಮನೆಯ ರೇಷ್ಮೆ ಹುಳುಮನೆಗೆ ನನಗೆ ಪ್ರವೇಶವಿಲ್ಲ. ಬೆಳಿಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಹೋದವಳನ್ನು ಅತ್ತೆ ಬಾಗಿಲಲ್ಲೇ ತಡೆದರು.

"ಒಳಕ್ಕೆ ಬರಬೇಡಮ್ಮ. ನಿನ್ನ ಮೈಮೇಲಿರೋ ಗಾಳಿ ಹುಳಕ್ಕೆ ತಗಲುತ್ತೆ."

ನಿನ್ನೆ ಚಿಕ್ಕಬಳ್ಳಾಪುರದಲ್ಲಿ ನರರೋಗದ ಡಾಕ್ಟರು ಹೇಳಿದ್ದನ್ನೇ ಮತ್ತೆ ಹೇಳಿದೆ. "ಇದು ಗಾಳಿ ಅಲ್ಲ ಅತ್ತೆ, ಎಪಿಲೆಪ್ಸಿ. ಮೆದುಳಿನ ಕಾಯಿಲೆ. ಮಾತ್ರೆ ತಗೊಂಡ್ರೆ ಹತೋಟಿಗೆ ಬರುತ್ತೆ, ಯಾರಿಗೂ ಅಂಟಲ್ಲ."

"ಇಂಗ್ಲಿಷ್ ಹೆಸರಿಟ್ಟುಬಿಟ್ರೆ ಗಾಳಿ ಬಿಟ್ಟೋಗುತ್ತಾ?"

ಗಂಡ ಮಧ್ಯೆ ಬಂದ. ನನ್ನ ಪರವಾಗಿ ಮಾತಾಡುತ್ತಾನೆ ಅಂದುಕೊಂಡೆ.

"ಆ ಹೆಸರು ಯಾರ ಮುಂದೇನೂ ಎತ್ತಬೇಡ ಕಣೇ. ಬಿಪಿ ಲೋ ಆಗಿತ್ತು ಅನ್ನು, ಸಾಕು."

ಅಷ್ಟರಲ್ಲಿ ಅತ್ತೆ ಒಳಗಿನಿಂದ ಕೂಗಿದರು. ತಟ್ಟೆಯಲ್ಲಿ ಕೆಲವು ಹುಳ ಊದಿಕೊಂಡು ಹಾಲಿನಂಥ ನೀರು ಸುರಿಸುತ್ತಿದ್ದವು.

"ಹಾಲುತೊಂಡೆ ರೋಗ ಕಣೋ! ಓಡು, ರೇಷ್ಮೆ ಆಫೀಸರನ್ನ ಕರ್ಕೊಂಡು ಬಾ!"

ಹುಳಕ್ಕೆ ಯಾವ ಗಾಳಿಯೂ ಬಡಿದಿರಲಿಲ್ಲ ನೋಡಿ. ಗಂಡ ಆಗಲೇ ಬೈಕ್ ಹತ್ತಿದ್ದ. ನಾನು ಅಡುಗೆಮನೆಯಲ್ಲಿ ಬಿದ್ದು ಒದ್ದಾಡಿದಾಗ ಇದೇ ಬೈಕಿನಲ್ಲಿ ಅವನು ಮೊದಲು ಹೋದದ್ದು ತಾಯತ ತರಲು.

ಆಫೀಸರು ಬಂದು ನೋಡಿ, ಹುಳದ ಮೇಲೆ ಉದುರಿಸಬೇಕಾದ ಪುಡಿಯ ಹೆಸರು ಹೇಳಿದರು. ಅತ್ತೆ "ಇನ್ನೊಂದು ಸಲ ಹೇಳಿ ಸಾರ್" ಎಂದು ಕೇಳಿ ಬಾಯಿಪಾಠ ಮಾಡಿಕೊಂಡರು. ನಾನು ಹೊಸ್ತಿಲಾಚೆ ನಿಂತು ಕೇಳಿಸಿಕೊಂಡೆ.

ಎಪಿಲೆಪ್ಸಿಗಿಂತ ಉದ್ದದ ಇಂಗ್ಲಿಷ್ ಹೆಸರು. ಒಂದಕ್ಷರ ತಪ್ಪಲಿಲ್ಲ.