ಸಮುದ್ರದಂಡೆಯ ಕಪ್ಪು ಫೋಟೋ

ಸೇಡಂ ಬಸ್ ನಿಲ್ದಾಣದ ಎದುರು ಆ ಫೋಟೋಗ್ರಾಫರನ ಸ್ಟುಡಿಯೊ ಇತ್ತು. ಪಾಸ್‌ಪೋರ್ಟ್ ಫೋಟೋ ಇರಲಿ, ಮದುವೆಯೇ ಇರಲಿ, ಎದುರಿಗಿದ್ದವರ ಗದ್ದವನ್ನು ಎರಡು ಬೆರಳಿನಿಂದ ಎತ್ತಿ, "ಗದ್ದ ಮ್ಯಾಗ್ರಿ, ಉಸುರು ಹಿಡೀರಿ" ಎನ್ನುತ್ತಿದ್ದ.

ನನ್ನ ತಂಗಿಯ ಮದುವೆಗೆ ಮುಂಚೆ, ಸಮುದ್ರದಂಡೆಯಲ್ಲೇ ಫೋಟೋ ಆಗಬೇಕೆಂಬ ಅವಳ ಹಟಕ್ಕೆ ಸೋತು, ಆತನನ್ನು ಗೋಕರ್ಣಕ್ಕೆ ಕರೆದೊಯ್ದೆವು. ಆತ ಸಮುದ್ರ ನೋಡಿದ್ದು ಅಂದೇ ಮೊದಲು. ಸೂರ್ಯ ಮುಳುಗುವ ಹೊತ್ತಿಗೆ ವಧೂವರರನ್ನು ಬೆಳಕಿಗೆ ಅಡ್ಡ ನಿಲ್ಲಿಸಿ, ತಾನು ಮರಳಿನ ಮೇಲೆ ಬೋರಲಾಗಿ ಮಲಗಿದ. ಅಲೆಯೊಂದು ಬಂದು ಅಂಗಿಯೊಳಗೆಲ್ಲ ನುಗ್ಗಿತು. ಕ್ಯಾಮೆರಾ ಮೇಲೆತ್ತಿ ಹಿಡಿದು, ಬಾಯಲ್ಲಿದ್ದ ನೀರು ಉಗುಳಿ, ಅಲೆಗೇ ಗದರಿದ: "ಏ, ಜರಾ ತಡಿ, ಫೋಟೋ ಹೊಡಿಲಿಕತ್ತೀನಿ!"

ಆ ಫೋಟೋವನ್ನು ದೊಡ್ಡದು ಮಾಡಿಸಿ ನಾನೂ ಆತನೂ ಚಿಂಚೋಳಿಯ ಬೀಗರ ಮನೆಗೆ ಒಯ್ದೆವು. ಕೆಂಪು ಆಕಾಶದ ಮುಂದೆ ಎರಡು ಕಪ್ಪು ಆಕೃತಿಗಳು. ವರನ ತಾಯಿ ಕೆಂಡವಾದರು.

"ನನ್ನ ಮಗನ ಮಾರಿಗಿ ಮಸಿ ಹಚ್ಚೀರೇನ್ರಿ? ಇಂವ ನನ್ನ ಮಗಾನೇ ಅಂತ ಹೆಂಗ ನಂಬಲಿ? ಇದನ್ನ ಮಂಟಪದಾಗ ಇಟ್ರ ನಾ ಮದುವಿಗೇ ಬರಂಗಿಲ್ಲ."

ಆತ ಸಾವಕಾಶವಾಗಿ ಎದ್ದು, ವರನ ಆಕೃತಿಯಲ್ಲಿ ಅಗಲವಾಗಿ ಹೊರಚಾಚಿದ್ದ ಕಿವಿಯ ಮೇಲೆ ಬೆರಳಿಟ್ಟ.

"ಅಮ್ಮಾರೇ, ಇಂಥಾ ಕಿವಿ ಇಡೀ ಚಿಂಚೋಳ್ಯಾಗ ಮತ್ಯಾರ ಮನ್ಯಾಗ ಅದಾವ, ಹೇಳ್ರಿ?"

ಆಕೆ ತಲೆಯ ಮೇಲಿನ ಸೆರಗು ಸರಿಸಿ ತನ್ನ ಕಿವಿಯನ್ನೇ ಮುಟ್ಟಿ ನೋಡಿಕೊಂಡರು. ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಇವು ನಮ್ಮಪ್ಪನ ಕಿವಿರಿ! ಮಂಟಪದ ಬಾಗಲದಾಗೇ ಇಡ್ರಿ, ಎಲ್ಲಾರೂ ನೋಡ್ಲಿ."